ಕೂಮ್‌ಲಿಯ ಅಸಲಿ ಮನೆತನ

ಹಂಫ್ರಿ: ಕೈ ತೆಗಿಯೇ! ಇದು ಕೂಮ್‌ಲಿಯ ಹುಟ್ಟು ಸಾವಿನ ಕಡತ. ಹಳ್ಳದಾಚೆಯೋರು ಮುಟ್ಟೋ ಹಾಗಿಲ್ಲ.

ಈನಿಡ್: ಮುಟ್ಟದೆ ಓದೋದು ಹೆಂಗ್ರೀ, ಮೂಸಿ ನೋಡ್ಲಾ? ನಿಮ್ಮ ಕನ್ನಡಕ ಮನೇಲಿ ಟೀ ಕೆಟಲ್ ಪಕ್ಕ ಕೂತಿದೆ.

ಹಂಫ್ರಿ: ಈ ಊರಿಗೆ ಬಂದು ಮೂವತ್ತೆಂಟು ವರ್ಷ ಆಯ್ತು. ಇನ್ನೂ ನಿಂಗೆ ಬ್ರಾಕ್‌ಲಿ ಬುದ್ಧಿ ಹೋಗ್ಲಿಲ್ಲ.

ಈನಿಡ್: ಬ್ರಾಕ್‌ಲಿ ಏನು ಚಂದ್ರಲೋಕದಲ್ಲಿದ್ಯಾ? ನಮ್ಮಮ್ಮ ಅಲ್ಲಿಂದ ಕೂಗಿದ್ರೆ ನಿಮ್ಮಮ್ಮ ಇಲ್ಲಿಂದ ಬೈತಿದ್ರು.

ಗಂಡ ಹೆಂಡಿರ ಈ ಜಗಳ ನಡೆದದ್ದು ನಮ್ಮ ಚರ್ಚಿನ ಹಳೇ ಪೆಟ್ಟಿಗೆಯ ಮುಂದೆ. ಆ ಪೆಟ್ಟಿಗೆಗೆ ಮೂರು ಬೀಗ, ಮೂರು ಕೀಲಿ, ಅವು ಮೂರು ಜನರ ಕೈಯಲ್ಲಿ. ಒಬ್ಬರನ್ನೊಬ್ಬರು ನಂಬದ ಊರಿಗೆ ಅದೇ ಸರಿ. ಉಳಿದಿಬ್ಬರು ಕೀಲಿ ತಿರುಗಿಸಿ ಹೋಗಿದ್ದರು, ಕಾವಲಿಗೆ ಉಳಿದವಳು ನಾನು, ಮಿಸ್ ಪಿಮ್. ಮರುದಿನ ಊರಿನ ಎಲ್ಲೆ ಸುತ್ತುವ ಭಾನುವಾರ. ಊರಿನ ಅತಿ ಹಳೆಯ ಮನೆತನದವರು ವಿಲ್ಲೋ ಮರದ ಕೋಲು ಹಿಡಿದು ಎಲ್ಲರಿಗಿಂತ ಮುಂದೆ ನಡೆಯಬೇಕು, ಎಲ್ಲೆಕಲ್ಲುಗಳಿಗೆ ಆ ಕೋಲಿನಿಂದ ಬಡಿಯಬೇಕು. ಕೋಲು ಹಿಡಿಯುತ್ತಿದ್ದ ಮುದುಕ ಗಾಸ್ಲಿಂಗ್ ಚಳಿಗಾಲದಲ್ಲಿ ಮಕ್ಕಳಿಲ್ಲದೆ ತೀರಿಕೊಂಡ. ಮಣ್ಣಿಗೆ ಬಂದ ಹಂಫ್ರಿ ರಡಕ್ ಗೋರಿಯ ಪಕ್ಕದಲ್ಲೇ ನಿಂತು ಕೋಲು ಕೇಳಿದ. ಪಾದ್ರಿಗಳು ದಾಖಲೆ ತೋರಿಸು ಎಂದರು. ದಾಖಲೆ ನೋಡಿ ಹೆಸರು ಬರೆದುಕೊಳ್ಳಲು ಅವರು ನಾಲ್ಕು ಗಂಟೆಗೆ ಬರುವವರಿದ್ದರು.

ಹಂಫ್ರಿ: ಮಿಸ್ ಪಿಮ್, ನೀವೇ ಹೇಳಿ. ರಡಕ್ ಅಂದ್ರೆ ಕೂಮ್‌ಲಿ, ಕೂಮ್‌ಲಿ ಅಂದ್ರೆ ರಡಕ್. ಗೇಟಿನ ಮೇಲೆ ಬರೆಸಿದ್ದೀನಲ್ಲ, ‘ನಾನೂರು ವರ್ಷದಿಂದ’ ಅಂತ.

ನಾನು: ಬರೆಸಿದ್ದು ಮೊನ್ನೆ ಅಲ್ವಾ? ಬಣ್ಣ ಇನ್ನೂ ಹಸಿ ಇತ್ತು, ನನ್ನ ಕೈಗವಸು ಹಾಳಾಯ್ತು.

ಈನಿಡ್: ಪಬ್ಬಲ್ಲಿ ಎಲ್ರಿಗೂ ಹೇಳಿಯಾಯ್ತು, ಹೊಸ ಕೋಟು ಹೊಲಿಸಿಯಾಯ್ತು. ಕೂಸು ಹುಟ್ಟೋಕ್ ಮುಂಚೆ ಕುಲಾವಿ!

ಹಂಫ್ರಿ: ನಗು, ನಗು. ನಮ್ಮಪ್ಪ ಸಾಯೋವರೆಗೂ ಆ ಕೋಲಿಗೆ ಆಸೆಪಟ್ಟ ಕಣೇ. ಮೂರನೇ ಸಾಲಲ್ಲಿ ನಡೆದೂ ನಡೆದೂ ಸತ್ತ. ನಾಳೆ ನಾನೂ ಹಿಂದೆ ನಡೆದ್ರೆ ಈ ಊರಲ್ಲಿ ತಲೆ ಎತ್ತೋಕಾಗಲ್ಲ.

ಆ ಮಾತು ಕೇಳಿ ನನಗೂ ಅಯ್ಯೋ ಪಾಪ ಅನ್ನಿಸಿತು. ಹೆಚ್ಚು ಹೊತ್ತು ಅನ್ನಿಸಲಿಲ್ಲ, ಬಿಡಿ.

ಈನಿಡ್: 1830, ರಡಕ್. 1811, ರಡಕ್. 1792, ರಡಕ್. 1787...

ಹಂಫ್ರಿ: ರಡಕ್!

ಈನಿಡ್: ಇಲ್ಲ.

ಹಂಫ್ರಿ: ಹಿಂದಿನ ಪುಟ ನೋಡು.

ಈನಿಡ್: ನೋಡ್ದೆ. ಸತ್ತೋರ ಪಟ್ಟೀನೂ ನೋಡ್ದೆ. ಅದಕ್ಕಿಂತ ಮುಂಚೆ ನಿಮ್ಮೋರು ಹುಟ್ಟೂ ಇಲ್ಲ, ಸತ್ತೂ ಇಲ್ಲ.

ಹಂಫ್ರಿ: ಇಲಿ ತಿಂದಿರ್ಬೇಕು.

ನಾನು: ರಡಕ್ ಅನ್ನೋ ಹೆಸರನ್ನೇ ಹುಡುಕಿ ಹುಡುಕಿ ತಿನ್ನೋ ಇಲಿ ನಮ್ಮ ಚರ್ಚಲ್ಲಿಲ್ಲ. ತಗೊಳ್ಳಿ, ಈ ಕಟ್ಟು ನೋಡಿ. ಆ ಕಾಲದ ಬಡವರ ಕಾಗದ.

ಹಂಫ್ರಿ: ಸರಿಯಾಗಿ ಹೇಳಿದ್ರಿ! ನಮ್ಮೋರು ಬಡವರಿಗೆ ಕೈಯೆತ್ತಿ ಕೊಡ್ತಿದ್ರು, ಅದ್ರಲ್ಲೇ ಇರುತ್ತೆ.

ಈನಿಡ್: ಇದೆ, ಇದೆ! ‘ಜೋನಸ್ ರಡಕ್, ಅವನ ಹೆಂಡತಿ, ನಾಲ್ಕು ಮಕ್ಕಳು...’

ಹಂಫ್ರಿ: ನೋಡ್ದ್ಯಾ! ಜೋರಾಗಿ ಓದು!

ಈನಿಡ್: ‘...ಈ ಊರಿಗೆ ಸೇರದವರು. ಊರಿಗೆ ಹೊರೆಯಾಗಿರುವುದರಿಂದ ಗಾಡಿಯಲ್ಲಿ ಹೇರಿ ಸ್ವಂತ ಊರಿಗೆ ಬಿಟ್ಟು ಬರತಕ್ಕದ್ದು.’

ಹಂಫ್ರಿ: ಸ್ವಂತ ಊರಾ? ಯಾವ್ದದು?

ಈನಿಡ್: ಬ್ರಾಕ್‌ಲಿ. ಅಯ್ಯೋ ನಮ್ಮೂರ ಕೂಸೇ, ಮೊದಲೇ ಹೇಳ್ಬಾರ್ದಾ!

ಹಂಫ್ರಿ ಬೆಂಚಿನ ಮೇಲೆ ಕುಸಿದು ಕೂತ. ಅವನ ಮುಖ ನೋಡಿ ನಾನು ಬೇರೆ ಕಡೆ ತಿರುಗಿಕೊಂಡೆ. ನಗು ತಡೆಯುವುದಕ್ಕೆ ಅದೊಂದೇ ದಾರಿ ಇತ್ತು.

ಹಂಫ್ರಿ: ಓಡಿಸಿದ್ರೆ ನಾವಿಲ್ಲಿ ಹೆಂಗಿದ್ದೀವಿ?

ನಾನು: ಮುಂದಿನ ಕಾಗದದಲ್ಲಿದೆ. ಸೋಮವಾರ ಬಿಟ್ಟು ಬಂದ್ರು, ಗುರುವಾರ ವಾಪಸ್. ಮತ್ತೆ ಬಿಟ್ರು, ಮತ್ತೆ ವಾಪಸ್. ಮೂರನೇ ಸಲ ಗಾಡಿಯವನಿಗಿಂತ ಮುಂಚೇನೇ ಬಂದಿದ್ದಾರೆ.

ಈನಿಡ್: ಗೋಣೀಲಿ ಹಾಕಿ ಬಿಟ್ಟು ಬಂದ ಬೆಕ್ಕಿನ ಥರ.

ನಾನು: ಆಮೇಲೆ ಜೋನಸ್‌ಗೆ ಚರ್ಚಲ್ಲೊಂದು ಹುದ್ದೆ ಸಿಕ್ತು. ಒಂದು ವರ್ಷ ಊರಿನ ಹುದ್ದೇಲಿದ್ದೋನು ಊರೋನೇ ಅಂತ ಆಗಿನ ಕಾನೂನು.

ಹಂಫ್ರಿ: ಚರ್ಚಿನ ಹುದ್ದೆ! ಕೇಳಿಸ್ಕೊಂಡ್ಯೇನೇ? ಯಾವ ಹುದ್ದೆ, ಮಿಸ್ ಪಿಮ್?

ನಾನು: ನಾಯಿ ಅಟ್ಟೋದು. ಪ್ರಾರ್ಥನೆ ನಡೀವಾಗ ಒಳಗೆ ನುಗ್ಗಿದ ನಾಯಿಗಳನ್ನ ಚಾವಟೀಲಿ ಆಚೆ ಓಡಿಸೋದು. ನಿದ್ದೆ ಮಾಡೋರನ್ನ ತಿವಿದು ಎಬ್ಬಿಸೋದು.

ಈನಿಡ್: ಎಬ್ಬಿಸೋರ ವಂಶ ಈಗ ಎರಡನೇ ಬೆಂಚಲ್ಲಿ ಗೊರಕೆ ಹೊಡೀತಿದೆ.

ಹಂಫ್ರಿ: ಬಾಯಿ ಮುಚ್ಚೇ! ಮಿಸ್ ಪಿಮ್, ಆ ಕಟ್ಟನ್ನ ತಳಕ್ಕೆ ಹಾಕ್ಬಿಡಿ. ನೀವು ನೋಡ್ಲಿಲ್ಲ, ನಾನೂ ನೋಡ್ಲಿಲ್ಲ.

ಈನಿಡ್: ತಡೀರಿ ತಡೀರಿ. ಜೋನಸ್‌ಗಿಂತ ಮುಂಚೆ ನಾಯಿ ಅಟ್ತಿದ್ದೋನು ಯಾರು? ‘ಟೋಬಿಯಾಸ್ ಟ್ರಿಗ್. ಕುಡಿದು ಪಾದ್ರಿಗಳ ಮೇಲೇ ಚಾವಟಿ ಬೀಸಿದ್ದಕ್ಕೆ ವಜಾ. ಮುನಿಸಿಕೊಂಡು ಹಳ್ಳದಾಚೆಗೆ ಹೋದನು.’

ನಾನು: ಈನಿಡ್, ಟ್ರಿಗ್ ನಿನ್ನ ತವರಿನ ಹೆಸರಲ್ವಾ?

ಈನಿಡ್: ನಮ್ಮನೆ ಬೈಬಲ್ಲಲ್ಲಿ ಬರೆದಿರೋ ಮೊದಲ ಹೆಸರೇ ಟೋಬಿಯಾಸ್!

ನಾನು ದೊಡ್ಡ ಕಡತವನ್ನು ಎಳೆದುಕೊಂಡು ಹಿಂದಕ್ಕೆ ಮಗುಚುತ್ತ ಹೋದೆ. 1750ರಲ್ಲಿ ಟ್ರಿಗ್, 1699ರಲ್ಲಿ ಟ್ರಿಗ್. 1561ರ ಮೊದಲ ಪುಟದ ಮೊದಲ ಸಾಲಲ್ಲೂ ಟ್ರಿಗ್ ಮನೆಯದೇ ಒಂದು ಮಗು.

ಹಂಫ್ರಿ: ಅದು ಲೆಕ್ಕಕ್ಕಿಲ್ಲ! ಹೆಂಗಸ್ರು ಕೋಲು ಹಿಡಿಯೋ ಹಾಗಿಲ್ಲ!

ನಾನು: ನಿಯಮದಲ್ಲಿ ಮನೆತನ ಅಂತಿದೆ, ಮೀಸೆ ಅಂತಿಲ್ಲ.

ಹಂಫ್ರಿ: ಅವರು ಊರು ಬಿಟ್ಟೋರು!

ನಾನು: ಬಿಟ್ಟೋರ ಮಗಳನ್ನ ಕೈ ಹಿಡಿದು ವಾಪಸ್ ಕರ್ಕೊಂಡು ಬಂದೋರು ನೀವೇ ಅಲ್ವಾ?

ಗೋಪುರದ ಗಡಿಯಾರ ನಾಲ್ಕು ಹೊಡೆಯಿತು. ಹೊರಗೆ ಜಲ್ಲಿಯ ಮೇಲೆ ಪಾದ್ರಿಗಳ ಹೆಜ್ಜೆ ಕೇಳಿಸಿತು. ಹಂಫ್ರಿ ದನಿ ಇಳಿಸಿದ.

ಹಂಫ್ರಿ: ಈನಿಡ್, ಚಿನ್ನ, ನಂಗೆ ಬೇಡ ಅಂದ್ಬಿಡು. ನಂಗೆ ಬಿಟ್ಟುಕೊಡು. ನಾವಿಬ್ರೂ ಬೇರೆ ಬೇರೆನಾ?

ಈನಿಡ್: ವರ್ಷ ವರ್ಷ ನಿಮ್ಮ ಊಟದ ಬುಟ್ಟಿ ಹೊತ್ಕೊಂಡು ಕಟ್ಟಕಡೇಲಿ ನಡೆದಿದ್ದೀನಿ ರೀ. ಬದುಕಿದ್ದೀನಾ ಸತ್ತಿದ್ದೀನಾ ಅಂತ ಒಂದು ಸಲನಾದ್ರೂ ತಿರುಗಿ ನೋಡಿದ್ರಾ? ಅದಕ್ಕೆ ನಂಗೆ ನೋವಾಗ್ತಿತ್ತು.

ಈನಿಡ್ ಟೋಪಿ ಸರಿಪಡಿಸಿಕೊಂಡು ಎದ್ದು ನಿಂತಳು.

ಹಂಫ್ರಿ: ಹಾಗಾದ್ರೆ ನಾಳೆ ನಾನೆಲ್ಲಿ ನಡೀಲಿ?

ನಾನು: ಹಿಂದೆ. ಹಳ್ಳದ ಕಲ್ಲಿನ ಹತ್ರ ಮಾತ್ರ ಮುಂದೆ ಬರ್ಬೇಕು. ಎಲ್ಲೆ ನೆನಪಿರ್ಲಿ ಅಂತ ಹೊರಗಿನೋರನ್ನ ಕೈಕಾಲು ಹಿಡಿದೆತ್ತಿ, ಆ ಕಲ್ಲಿಗೆ ಮೂರು ಸಲ ಕುಕ್ಕಬೇಕಲ್ಲ.

ಹಂಫ್ರಿ: ಅದೆಲ್ಲ ಹಳೇ ಕಾಲದ್ದು! ಈಗ ಯಾರು ಮಾಡ್ತಾರೆ?

ಈನಿಡ್: ಮದುವೆಯಾದ ವರ್ಷ ನನ್ನನ್ನ ಕುಕ್ಕಿದ್ರಲ್ಲ, ಕಾಲು ಹಿಡಿದಿದ್ದು ಯಾರು? ನಾಳೆ ದಪ್ಪ ಪ್ಯಾಂಟು ಹಾಕ್ಕೊಂಡು ಬನ್ನಿ. ಆ ಕಲ್ಲು ಎಲ್ಲಿ ಚುಚ್ಚುತ್ತೆ ಅಂತ ನಂಗೆ ಚೆನ್ನಾಗಿ ಗೊತ್ತು.