ದೆಹಲಿಗೂ ಮೂರು ಗಂಟೆ, ಭಂಡಿಗಡಿಗೂ ಮೂರು ಗಂಟೆ

ಕೊಪ್ಪದಿಂದ ಮಂಗಳೂರು ವಿಮಾನ ನಿಲ್ದಾಣಕ್ಕೆ ಬಾಡಿಗೆ ಕಾರು ಓಡಿಸುವವನಿಗೆ ಇಂಥ ಪ್ರಸಂಗಗಳು ತಪ್ಪಿದ್ದಲ್ಲ. ನಾನು ಒಮ್ಮೆಯೂ ವಿಮಾನ ಹತ್ತಿದವನಲ್ಲ. ಆದರೂ ಯಾರಿಗೆ ಅದು ತಪ್ಪಿದರೂ ಬೈಗುಳ ನನಗೇ.

ನಿಂಬೆಹಣ್ಣು

ನೆಮ್ಮಾರಿನ ಹಿರಿಯರೊಬ್ಬರಿಗೆ ನನ್ನ ಕಾರಿನಲ್ಲಿ ಘಾಟಿ ಇಳಿಯುವುದೆಂದರೆ ವಾಂತಿ. ಆ ಭಯಕ್ಕೆ ದೆಹಲಿಯ ತಮ್ಮನ ಗೃಹಪ್ರವೇಶಕ್ಕೂ ಹೋಗದೆ, ಆಮೇಲೆ ಕೊರಗುತ್ತಿದ್ದರು. ಕೊನೆಗೊಮ್ಮೆ ಧೈರ್ಯ ಮಾಡಿ ಹೊರಟರು. ದಾರಿಯುದ್ದಕ್ಕೂ ಮೂಗಿಗೆ ನಿಂಬೆಹಣ್ಣು. ವಿಮಾನ ನಿಲ್ದಾಣದಲ್ಲಿ ಇಳಿಯುವಾಗ ನನ್ನ ಕೈ ಹಿಡಿದು, "ಇಷ್ಟಕ್ಕೇ ಹೀಗಾದ್ರೆ, ಇನ್ನು ಸಾವಿರದ ಏಳುನೂರು ಕಿಲೋಮೀಟರ್ ಉಂಟಲ್ಲ ಮಾರಾಯ" ಎಂದರು. ಸಂಜೆ ದೆಹಲಿಯಿಂದ ಫೋನು ಬಂತು. "ವಿಮಾನದಲ್ಲಿ ಒಂದ್ಸಲವೂ ಹೊಟ್ಟೆ ತೊಳಸಲಿಲ್ಲ! ತಪ್ಪು ಘಾಟಿದಲ್ಲ, ನಿನ್ನ ಡ್ರೈವಿಂಗಿಂದು. ನಿನ್ನಿಂದ ತಮ್ಮನ ಗೃಹಪ್ರವೇಶದ ಹೋಳಿಗೆ ತಪ್ಪಿಹೋಯ್ತು."

ಅಕ್ಕನ ಲೆಕ್ಕ

ಭಂಡಿಗಡಿಯಲ್ಲಿ ನಾನು ಅಕ್ಕ ಎಂದು ಕರೆಯುವ ಒಬ್ಬರಿದ್ದಾರೆ. ಅವರ ಮಗಳೂ ದೆಹಲಿಯಲ್ಲೇ. ಚೊಚ್ಚಲ ಹೆರಿಗೆಗೆ ತವರಿಗೆ ಬರಬೇಕಾದವಳಿಗೆ ಡಾಕ್ಟರು ಪ್ರಯಾಣವೇ ಬೇಡ ಎಂದಿದ್ದರು. ಆ ಹೊತ್ತಿಗೆ ಅಮ್ಮ ಪಕ್ಕದಲ್ಲಿರಲೇಬೇಕೆಂದು ಅವಳ ಹಟ.

"ಮಂಗಳೂರಿಂದ ದೆಹಲಿಗೆ ಎಷ್ಟು ಹೊತ್ತು?" ಅಕ್ಕ ಕೇಳಿದರು.

"ಮೂರು ಗಂಟೆ."

"ಇಲ್ಲಿಂದ ಮಂಗಳೂರಿಗೆ?"

"ಅದೂ ಮೂರು ಗಂಟೆ."

"ಹಾಗಾದ್ರೆ ಮಂಗಳೂರಿಗೆ ನಾವೆಷ್ಟೋ ದೆಹಲಿಯೂ ಅಷ್ಟೇ. ಇಷ್ಟು ಹತ್ತಿರ ಇದ್ದೂ ಇವಳು ವರ್ಷಗಟ್ಟಲೆ ಬರ್ಲಿಲ್ಲ ನೋಡು!"

ಪ್ರಸ್ಥಾನ

ಟಿಕೆಟ್ ಸಿಕ್ಕಿದ್ದು ಬುಧವಾರಕ್ಕೆ. ಬುಧವಾರ ಉತ್ತರ ದಿಕ್ಕಿಗೆ ವಾರಶೂಲೆ, ಹೊರಡಬಾರದು.

"ಅಕ್ಕಾ, ನಾವು ಮೊದಲು ಹೋಗೋದು ಮಂಗಳೂರಿಗೆ. ಅದು ಉತ್ತರ ಅಲ್ಲ" ಎಂದೆ.

"ವಿಮಾನ ಆಮೇಲೆ ಯಾವ ಕಡೆ ತಿರುಗ್ತದೆ?"

"ಉತ್ತರಕ್ಕೆ" ಎಂದು ಒಪ್ಪಿಕೊಂಡೆ. ಅಕ್ಕ ಸೋಮವಾರವೇ ಪ್ರಸ್ಥಾನ ಇಟ್ಟರು. ಅಂದರೆ ಒಳ್ಳೆಯ ದಿನ ನೋಡಿ ಒಂದು ಚೀಲವನ್ನು ಪಕ್ಕದ ಮನೆಯಲ್ಲಿಟ್ಟರೆ ಅಂದೇ ಹೊರಟಂತೆ; ಹೋಗುವಾಗ ಅದನ್ನು ಎತ್ತಿಕೊಂಡು ಹೋಗುವುದು. ಬಿಟ್ಟು ಹೋಗಲಾಗದ ವಸ್ತುವನ್ನೇ ಇಡಬೇಕೆಂದು ಅಕ್ಕ ಅದರಲ್ಲಿ ಆಧಾರ್ ಕಾರ್ಡ್ ಇಟ್ಟಿದ್ದರು.

ಬುಧವಾರ, ಬಾಣಂತಿಗೆಂದು ಕಟ್ಟಿದ ತುಪ್ಪ, ಕಷಾಯದ ಪುಡಿ ಎಲ್ಲವೂ ವಿಮಾನ ನಿಲ್ದಾಣ ಮುಟ್ಟಿದವು. ಗೇಟಿನಲ್ಲಿ ಆಧಾರ್ ಕೇಳಿದಾಗಲೇ ಅಕ್ಕನಿಗೆ ಪಕ್ಕದ ಮನೆಯಲ್ಲಿ ಉಳಿದ ಚೀಲ ನೆನಪಾದದ್ದು. ಬೇಡಿಕೊಂಡದ್ದೇ ಬಂತು. ಮರುದಿನಕ್ಕೆ ಟಿಕೆಟ್ ಮಾಡಿಸಿ ವಾಪಸ್ ಹೊರಟೆವು. ಘಾಟಿಯ ಕೆಳಗಿದ್ದಾಗ ದೆಹಲಿಗೆ ಫೋನ್ ಮಾಡಲು ಅಕ್ಕನಿಗೆ ಬಾಯಿ ಬರಲಿಲ್ಲ. ಬಾಯಿ ಬಂದಾಗ ಘಾಟಿಯಲ್ಲಿ ನೆಟ್‌ವರ್ಕ್ ಇರಲಿಲ್ಲ.

ಪಕ್ಕದ ಮನೆಯ ಜಗಲಿಯಲ್ಲಿ ಚೀಲ ಎತ್ತಿಕೊಳ್ಳುತ್ತಿದ್ದಂತೆ ಅಳಿಯನ ಫೋನು ಬಂತು. "ಅತ್ತೆ, ವಿಮಾನ ಬಂತು. ನೀವೆಲ್ಲಿದ್ದೀರಿ?"

"ನಾನೂ ಈಗಷ್ಟೇ ಮುಟ್ಟಿದೆ" ಎಂದರು ಅಕ್ಕ, "ಪಕ್ಕದ ಮನೆಗೆ." ಹೇಳುತ್ತಲೇ ಗಳಗಳನೆ ಅತ್ತುಬಿಟ್ಟರು.

ಅದೇ ಸಂಜೆ ಹೆರಿಗೆಯಾಯಿತು. ಹೆಣ್ಣು ಮಗು, ಇಬ್ಬರೂ ಕ್ಷೇಮ. ಮಗಳು ಕೊನೆಯವರೆಗೂ ಅಮ್ಮನನ್ನು ಕೇಳುತ್ತಿದ್ದಳಂತೆ. ಕೇಳಿ ನನಗೂ ಸಂಕಟವಾಯಿತು.

ಮರುದಿನ ಬೆಳಿಗ್ಗೆ ಅಕ್ಕ ಚೀಲವನ್ನು ಕೊರಳಿಗೇ ಹಾಕಿಕೊಂಡು ಕಾರು ಹತ್ತಿದರು. ಸಮಾಧಾನಕ್ಕೆಂದು, "ಇವತ್ತು ದಿನ ಚೆನ್ನಾಗಿದೆಯಲ್ಲ ಅಕ್ಕಾ?" ಎಂದೆ.

"ನನಗೇನೋ ಚೆನ್ನಾಗಿದೆ ಮಾರಾಯ" ಎಂದು ಕಣ್ಣೊರೆಸಿಕೊಂಡರು. "ಆ ಕೂಸೇ ವಾರಶೂಲೆ ನೋಡದೆ ನಿನ್ನೆ ಹೊರಟು ಬಂತು."