ಒಂದೂಕಾಲು ಗಂಟೆಯ ಕಳ್ಳ

ಏಪ್ರಿಲ್ ಒಂದನೇ ತಾರೀಕು ಸೋಮವಾರದಿಂದ ದಯಾನಂದ ಸಾಲಿಯಾನನ ಮನೆಯ ಕಂಪ್ಯೂಟರ್ ಸರ್ವರು ಮಧ್ಯಾಹ್ನ ಸರಿಯಾಗಿ ಒಂದೂಕಾಲಕ್ಕೆ ಬಂದ್ ಆಗಿ ಮೂರು ಗಂಟೆಗೆ ಮತ್ತೆ ಚಾಲೂ ಆಗುತ್ತಿತ್ತು. ಒಂದು ದಿನವಾದರೆ ಕರೆಂಟಿನ ತಂಟೆ ಎನ್ನಬಹುದು, ಎರಡು ದಿನವಾದರೆ ವೈರಿನದ್ದು ಎನ್ನಬಹುದು. ಗುರುವಾರದವರೆಗೆ ನಾಲ್ಕೂ ದಿನ ನಿಮಿಷ ತಪ್ಪಲಿಲ್ಲ. ಡೊಂಬಿವಲಿಯ ಲೋಕಲ್ ಗಾಡಿಗೂ ಅಷ್ಟು ಶಿಸ್ತಿಲ್ಲ. ಇದು ಯಾರೋ ಮನುಷ್ಯರೇ ಮಾಡುವ ಕೆಲಸ ಎಂದು ದಯಾನಂದನಿಗೆ ಖಾತ್ರಿಯಾಯಿತು.

ಅವನ ಮನೆ ಮುಂಬಯಿ ಪಕ್ಕದ ಡೊಂಬಿವಲಿಯಲ್ಲಿ; ಬೇಲಾಪುರದ ಒಂದು ಕಚೇರಿಯಲ್ಲಿ ಗುಮಾಸ್ತ. ಕಂಪ್ಯೂಟರ್ ವಿದ್ಯೆಯನ್ನು ಯಾವ ಶಾಲೆಗೂ ಹೋಗದೆ, ಕೆಡಿಸಿ ಕೆಡಿಸಿ ಕಲಿತವನು. ಗುಜರಿಯಿಂದ ಒಂದೊಂದೇ ಭಾಗ ಹೊತ್ತು ತಂದು ಮಲಗುವ ಕೋಣೆಯ ಮೂಲೆಯಲ್ಲಿ ಆ ಸರ್ವರನ್ನು ಕಟ್ಟಿದ್ದ. ಆರು ಹಾರ್ಡ್ ಡಿಸ್ಕು, ನಾಲ್ಕು ಪಂಖಾ. ಒಂದು ಡಿಸ್ಕು ಸತ್ತರೂ ಉಳಿದವು ಸಂಸಾರ ತೂಗಿಸುವಂಥ ಏರ್ಪಾಡು. ಅದನ್ನು ಇಡುವ ಕಬ್ಬಿಣದ ಚೌಕಟ್ಟನ್ನು ಅದೇ ಕಟ್ಟಡದ ಮೂರನೇ ಮಾಳಿಗೆಯ ಶಂಭು ಮಾಡಿಸಿಕೊಟ್ಟಿದ್ದ. ಕಳಂಬೋಲಿಯ ಕಬ್ಬಿಣದ ಪೇಟೆಯಲ್ಲಿ ಹಮಾಲರ ಮೇಸ್ತ್ರಿ, ಅಂದರೆ ಮುಕಾದಮನಾದ ಶಂಭುವಿನ ತೋಳೂ ಅದೇ ಅಂಗಡಿಯ ಮಾಲಿನಂತಿತ್ತು.

ಈಗ ಆ ಸರ್ವರಿನ ಹೊಟ್ಟೆಯಲ್ಲಿ ದಯಾನಂದನ ಮಾನವಿತ್ತು. ಕನ್ನಡ ಸಂಘದ ಬೆಳ್ಳಿಹಬ್ಬ ಬರುವ ಭಾನುವಾರ. ಸಂಘದ ಮೊದಲ ಯಕ್ಷಗಾನದ ಎಂಟು ವಿಡಿಯೊ ಕ್ಯಾಸೆಟ್ಟು ಫಂಗಸ್ಸು ಹಿಡಿದು ಕೂತಿದ್ದವು. ಅದರಲ್ಲಿ ಅಧ್ಯಕ್ಷ ರಘುಪತಿ ರಾಯರ ಸ್ತ್ರೀವೇಷವಿತ್ತು. ಅವನ್ನೆಲ್ಲ ಸರ್ವರಿಗೆ ಇಳಿಸಿ, ತೊಳೆದು, ಜೋಡಿಸಿ ಒಂದೇ ಫಿಲ್ಮ್ ಮಾಡಿಕೊಡುತ್ತೇನೆಂದು ದಯಾನಂದ ಸಭೆಯಲ್ಲಿ ಎದ್ದು ನಿಂತು ಹೇಳಿದ್ದ. ಇಳಿಸಿದ್ದಾಗಿತ್ತು. ಜೋಡಿಸುವುದಕ್ಕೆ ಮಾತ್ರ ಒಂದೇ ಸಮನೆ ಹತ್ತು ಗಂಟೆ ಓಡಬೇಕು. ನಡುವೆ ನಿಂತರೆ ಮತ್ತೆ ಮೊದಲಿಂದ.

ರಾತ್ರಿ ಓಡಿಸೋಣವೆಂದರೆ ಹೆಂಡತಿ ರಮಿತಾಳ ಕಾನೂನು ಅಡ್ಡ. "ಒಂಬತ್ತಕ್ಕೆ ಮಿಷನ್ ಬಂದ್. ಆ ಗಿರಣಿ ಪಕ್ಕದಲ್ಲಿ ನನಗೆ ನೀಂದ್ ಬರೂದಿಲ್ಲ. ಬೆಳಿಗ್ಗೆ ಠಾಣೆಗೆ ಹೋಗಿ ನಲ್ವತ್ತು ಮಕ್ಕಳ ಹತ್ರ ಬೊಬ್ಬೆ ಹೊಡೀಬೇಕು ನಾನು." ಹಾಗಾಗಿ ಬೆಳಿಗ್ಗೆ ಎಂಟರಿಂದ, ಇಬ್ಬರೂ ಕೆಲಸಕ್ಕೆ ಹೋದಮೇಲೆ, ಖಾಲಿ ಮನೆಯಲ್ಲಿ ಸರ್ವರು ಓಡುತ್ತಿತ್ತು. ಅದಕ್ಕೆ ಸೆಕೆಯಾಗದಂತೆ ಏಸಿಯೂ ಓಡುತ್ತಿತ್ತು. "ಮನುಷ್ಯರಿಗೆ ಪಂಖಾ, ಮಿಷನ್‌ಗೆ ಏಸಿ!" ಎಂದು ರಮಿತಾ ದಿನಾ ಹಲ್ಲು ಕಡಿಯುತ್ತಿದ್ದಳು.

ಕಚೇರಿಯ ಕಂಪ್ಯೂಟರಿನಿಂದ ದಯಾನಂದ ಸರ್ವರಿನ ನಾಡಿ ನೋಡುತ್ತಿದ್ದ. ಊಟದ ಡಬ್ಬಿ ಬಿಚ್ಚುವ ಹೊತ್ತಿಗೆ ಪರದೆಯ ಮೇಲಿನ ಹಸಿರು ದೀಪ ಕೆಂಪಾಗುತ್ತಿತ್ತು. ಸರ್ವರಿನ ದಿನಚರಿ ತೆರೆದು ನೋಡಿದರೆ, 'ಅಪ್ಪಣೆಯಂತೆ ನಿಂತಿದೆ' ಎಂದಷ್ಟೇ ಇತ್ತು. ಪ್ಲಗ್ ಕಿತ್ತದ್ದಲ್ಲ; ಯಾರೋ ಗುಂಡಿ ಒತ್ತಿ, ಮರ್ಯಾದೆಯಿಂದ ಮಲಗಿಸಿದ್ದು. ಅಪ್ಪಣೆ ಯಾರದ್ದು?

ಅವನ ಸಂಶಯ ಮೊದಲು ಎದುರು ಮನೆಯ ವಾರಿಜಕ್ಕನ ಮೇಲೆ ಹೋಯಿತು. ಮನೆಯ ಇನ್ನೊಂದು ಚಾವಿ ಇದ್ದದ್ದು ಅವರ ಹತ್ತಿರ. ಗುರುವಾರ ಸಂಜೆ, "ಅಕ್ಕ, ಹಗಲು ನಮ್ಮ ಮನೆಗೆ ಯಾರಾದ್ರೂ ಬರ್ತಾರಾ?" ಎಂದು ಕೇಳಿದ. ಮೀನು ಕತ್ತರಿಸುತ್ತಿದ್ದ ವಾರಿಜಕ್ಕನ ಕೈ ಅರ್ಧ ಬಂಗುಡೆಯಲ್ಲಿ ನಿಂತಿತು.

"ಯಾರು ಬರ್ಲಿಕ್ಕುಂಟು ಮಾರಾಯ್ರೆ? ನಾನಂತೂ ಆ ಬಾಗಿಲಿನ ಮುಖವೇ ನೋಡ್ಲಿಲ್ಲ" ಎಂದರು. ಕೇಳದ ಪ್ರಶ್ನೆಗೂ ಉತ್ತರ ಬಂದದ್ದರಿಂದ ಸಂಶಯ ಇಮ್ಮಡಿಯಾಯಿತು.

ಎರಡನೆಯ ಸಂಶಯ ವಾಚ್‌ಮನ್ ಯಂಕಣ್ಣನ ಮೇಲೆ. ಮೂರನೆಯದನ್ನು ದಯಾನಂದ ತನಗೆ ತಾನೇ ಹೇಳಿಕೊಳ್ಳಲು ಹೆದರಿದ. ಸರ್ವರನ್ನು ಸವತಿಯಂತೆ ಕಾಣುವವಳು ಮನೆಯಲ್ಲೇ ಇದ್ದಳಲ್ಲ! ಆದುದರಿಂದ ಯಾರಿಗೂ ಹೇಳದೆ, ಶುಕ್ರವಾರ ಮನೆಯಲ್ಲೇ ಅಡಗಿ ಕೂತು ಕಳ್ಳನನ್ನು ಹಿಡಿಯಬೇಕೆಂದು ನಿಶ್ಚಯಿಸಿದ.

ಬೆಳಿಗ್ಗೆ ಎಂಟಕ್ಕೆ ಕೆಲಸ ಚಾಲೂ ಮಾಡಿ, ಎಂದಿನಂತೆ ಡಬ್ಬಿ ಹಿಡಿದು ರಮಿತಾಳ ಜೊತೆ ಸ್ಟೇಷನ್ನಿಗೆ ಹೋದ. ಅವಳು ಲೇಡೀಸ್ ಡಬ್ಬ ಹತ್ತಿದಳು, ಇವನು ಜನರಲ್. ಮುಂದಿನ ಸ್ಟೇಷನ್ ಕೋಪರಿನಲ್ಲಿ ಇಳಿದು ಹಿಂದೆ ಬರುವುದು ಅವನ ಲೆಕ್ಕ. ಆದರೆ ಕೋಪರಿನಲ್ಲಿ ಇಳಿಯಲು ಹೊರಟವನನ್ನು ಹತ್ತಲು ಹೊರಟವರು ಹೊಳೆಯ ನೆರೆ ತೆಂಗಿನಕಾಯಿಯನ್ನು ಒಯ್ದಂತೆ ಒಳಗೆ ಒಯ್ದರು. ದಿವಾದಲ್ಲೂ ಅದೇ ಕತೆ. "ಇಳೀಬೇಕು, ಉತರನಾ ಹೈ!" ಎಂದು ಎರಡು ಭಾಷೆಯಲ್ಲಿ ಕೂಗಿಕೊಂಡರೂ ಕಾಲು ನೆಲಕ್ಕೆ ತಾಗಿದ್ದು ಠಾಣೆಯಲ್ಲೇ. ಅಲ್ಲಿ ಕಂಬದ ಮರೆಯಲ್ಲಿ ನಿಂತು ಹೆಂಡತಿಯ ಕಣ್ಣು ತಪ್ಪಿಸಿ, ಡೌನ್ ಗಾಡಿ ಹಿಡಿದು ಡೊಂಬಿವಲಿಗೆ ಮರಳುವಾಗ ಅಂಗಿಯ ಎರಡು ಗುಂಡಿ ಮತ್ತು ಡಬ್ಬಿಯ ಮುಚ್ಚಳ ರೈಲ್ವೆಗೆ ಸಂದಿದ್ದವು.

ಗೇಟಿನಲ್ಲಿ ಯಂಕಣ್ಣ ಕೂತಿದ್ದ. ಸಂಶಯದ ಪಟ್ಟಿಯಲ್ಲಿರುವವನ ಎದುರಿಂದಲೇ ಹೋಗುವುದು ಹೇಗೆ? ದಯಾನಂದ ಹಿಂದಿನ ಗಲ್ಲಿಗೆ ಹೋಗಿ, ನೀರಿನ ಟಾಕಿಯ ಪಕ್ಕದ ಗೋಡೆ ಹತ್ತಿದ. ನಲವತ್ತೆರಡರ ಹೊಟ್ಟೆ ಗೋಡೆಯ ಮೇಲೆ ಒಂದು ಕ್ಷಣ ತಕ್ಕಡಿಯಂತೆ ತೂಗಿತು. ಪರ್ ಎಂದು ಪ್ಯಾಂಟು ಹರಿದ ಸದ್ದಿಗೆ ಯಂಕಣ್ಣ, "ಯಾರಂವ ಅಲ್ಲೆ?" ಎಂದು ಕೂಗಿದ. ದಯಾನಂದ ಹಿಂದಿನ ಮೆಟ್ಟಿಲು ಹತ್ತಿ ತನ್ನ ಮನೆಯೊಳಗೆ ಸೇರಿ ಬಾಗಿಲು ಹಾಕಿಕೊಂಡ. ಕೆಳಗೆ ಯಂಕಣ್ಣ ಬಡಿಗೆ ಹಿಡಿದು ಸುತ್ತುವುದು ಕಿಟಕಿಯಿಂದ ಕಾಣುತ್ತಿತ್ತು.

ಹನ್ನೆರಡೂವರೆಗೆ ದಯಾನಂದ ಮಲಗುವ ಕೋಣೆಯ ಕಪಾಟಿನೊಳಗೆ ಹೊಕ್ಕು, ರಮಿತಾಳ ಸೀರೆಗಳ ನಡುವೆ ನಿಂತ. ಬಾಗಿಲನ್ನು ಎರಡು ಬೆರಳಷ್ಟು ತೆರೆದಿಟ್ಟ. ಎದುರಿಗೆ ಸರ್ವರು ಗುಂಯ್ ಎನ್ನುತ್ತಿತ್ತು. ಕಪಾಟಿಗೆ ಏಸಿಯ ಗಾಳಿ ಬರುತ್ತಿರಲಿಲ್ಲ. ಬೆವರು ಹಣೆಯಿಂದ ಇಳಿದು ಮೂಗಿನ ತುದಿಯಲ್ಲಿ ಕೂತು, ಮುಂದೇನು ಮಾಡಲಿ ಎಂದು ಯೋಚಿಸುತ್ತಿತ್ತು.

ಒಂದು ಗಂಟೆಗೆ ಐದು ನಿಮಿಷವಿರುವಾಗ ಹೊರಬಾಗಿಲಿನಲ್ಲಿ ಚಾವಿ ತಿರುಗಿತು. ದಯಾನಂದ ಕಪಾಟಿನ ಸಂದಿಗೆ ಕಣ್ಣು ಹಚ್ಚಿದ. ವಾರಿಜಕ್ಕ! ಅವನು ಹಾರಿ ಬೀಳಬೇಕೆನ್ನುವಷ್ಟರಲ್ಲಿ ಅವರ ಹಿಂದೆ ದಿಂಬು ಅಪ್ಪಿಕೊಂಡು ಶಂಭುವಿನ ಹೆಂಡತಿ ಪದ್ಮಾವತಿ ಬಂದಳು. ಅವಳ ಹಿಂದೆ ಚಾಪೆಯ ಸುರುಳಿ ಹೊತ್ತು ಯಂಕಣ್ಣನ ಹೆಂಡತಿ ಚಂದ್ರಬಾಯಿ. ಕೊನೆಗೆ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ ಬಂದವರು ಸಾಕ್ಷಾತ್ ವೇದಾವತಮ್ಮ, ಅಧ್ಯಕ್ಷ ರಘುಪತಿ ರಾಯರ ಧರ್ಮಪತ್ನಿ.

"ಅಬ್ಬ, ಇಲ್ಲಿ ಬಂದ ಮೇಲೆ ಜೀವ ಬಂತು" ಎಂದು ವೇದಾವತಮ್ಮ ಮಂಚದ ಮೇಲೆ ಒರಗಿದರು.

"ಹೊರಗ ಒಲಿ ಹಚ್ಚಿದಂಗ ಆಗೇತ್ರೀ ಅಮ್ಮಾರ" ಎಂದು ಪದ್ಮಾವತಿ ಪಕ್ಕಕ್ಕೆ ಉರುಳಿದಳು.

"ಅವನಿಗೆ ಸಂಶಯ ಬಂದಿದೆ. ನಿನ್ನೆ ಕೇಳಿದ" ಎಂದರು ವಾರಿಜಕ್ಕ, ಸೊಂಟದ ಸೆರಗು ಸಡಿಲಿಸುತ್ತ.

"ಬರ್ಲಿ ಬಿಡ್ರೀ. ಮಶಿನ್ನಿಗೆ ಒಂದ್ ಏಸಿ ಬೇಕಂದ್ರ ನಮಗೇನ್ ಬ್ಯಾಡೇನು?" ಎಂದು ಚಂದ್ರಬಾಯಿ ಕಪಾಟಿಗೆ ಕಾಲು ಚಾಚಿ ಮಲಗಿದಳು.

ದಯಾನಂದನಿಗೆ ಈಗ ಹೊರಬರುವ ದಾರಿಯೇ ಇರಲಿಲ್ಲ. ನಾಲ್ಕು ಹೆಂಗಸರು ಮಲಗಿದ ಕೋಣೆಯಲ್ಲಿ ಗಂಡಸು ಕಪಾಟಿನಿಂದ ಹೊರಬಂದರೆ ಲೋಕ ಏನೆಂದೀತು? ಇರಲಿ, ಇವರಲ್ಲಿ ಯಾರು ಗುಂಡಿ ಒತ್ತುತ್ತಾರೆ ಎಂಬುದಾದರೂ ಗೊತ್ತಾಗಲಿ ಎಂದು ಉಸಿರು ಬಿಗಿಹಿಡಿದ. ಒಂದೂ ಹತ್ತಕ್ಕೆ ಪದ್ಮಾವತಿ ಗೊರಕೆ ಹೊಡೆಯತೊಡಗಿದಳು. ಒಂದೂ ಹನ್ನೆರಡಕ್ಕೆ ವಾರಿಜಕ್ಕ ಬಾಯಿ ತೆರೆದರು. ಒಂದೂ ಹದಿನಾಲ್ಕಕ್ಕೆ ಎಲ್ಲರೂ ಶವಾಸನ. ಸರ್ವರಿನ ಹತ್ತಿರ ಒಂದು ನೊಣವೂ ಇರಲಿಲ್ಲ.

ಒಂದೂಕಾಲಕ್ಕೆ ಸರ್ವರು ಮೆಲ್ಲಗೆ ಉಸಿರು ಬಿಟ್ಟು, ದೀಪ ಆರಿಸಿ, ಸುಮ್ಮನಾಯಿತು.

"ಅರೆ, ಯಾರೂ ಮುಟ್ಟಲೇ ಇಲ್ವಲ್ಲ!" ದಯಾನಂದನ ಬಾಯಿಂದ ಮಾತು ತಾನಾಗಿ ಹಾರಿತು. ಅದರ ಬೆನ್ನಿಗೆ ಕಪಾಟಿನ ಬಾಗಿಲು ಹಾರಿತು. ಅದರ ಬೆನ್ನಿಗೆ ರಮಿತಾಳ ಮದುವೆ ಸೀರೆಯನ್ನು ತಲೆಗೂ ಮುಖಕ್ಕೂ ಮುಂಡಾಸಿನಂತೆ ಸುತ್ತಿಕೊಂಡು ದಯಾನಂದ ಚಂದ್ರಬಾಯಿಯ ಕಾಲಬುಡದಲ್ಲಿ ಬಿದ್ದ.

ಆ ಕಿರುಚಾಟ ಕಲ್ಯಾಣ ಸ್ಟೇಷನ್ನಿನವರೆಗೆ ಕೇಳಿದ್ದರೆ ಆಶ್ಚರ್ಯವಿಲ್ಲ. ಆಗಲೇ ಕಳ್ಳನನ್ನು ಹುಡುಕುತ್ತಿದ್ದ ಯಂಕಣ್ಣ ಬಡಿಗೆಯೊಂದಿಗೆ ಬಂದ. ರಾತ್ರಿಪಾಳಿ ಮುಗಿಸಿ ಮಲಗಿದ್ದ ಶಂಭು ಬನಿಯನ್ನಿನಲ್ಲೇ ಇಳಿದು ಬಂದು, ಮುಂಡಾಸಿನವನನ್ನು ಕೊರಳಪಟ್ಟಿ ಹಿಡಿದು ಎತ್ತಿದ. ಸೀರೆ ಜಾರಿ ಮುಖ ಕಂಡಾಗ ಎಲ್ಲರೂ, ಕಳ್ಳನಾಗಿದ್ದರೆ ಒಳ್ಳೆಯದಿತ್ತು ಎನ್ನುವಂತೆ ನೋಡಿದರು.

"ಏನ್ರೀ ಸಾಹೇಬ್ರ," ಎಂದ ಯಂಕಣ್ಣ, "ಗ್ವಾಡಿ ಹಾರಿ ಬಂದಾಂವ ನೀವೇನು? ನಿಮ್ಮ ಮನಿಗೆ ನೀವ ಕಳವಿನಿಂದ ಬರೂದಂದ್ರ ಏನರ್ಥ?"

"ನಾನು... ಸರ್ವರ್ ಯಾರು ಆಫ್ ಮಾಡ್ತಾರೆ ಅಂತ ನೋಡ್ಲಿಕ್ಕೆ..."

"ಹೆಣ್ಮಕ್ಕಳು ಮಕ್ಕೊಂಡಲ್ಲಿ ನೋಡೂದೇನ್ರೀ?" ಎಂದು ಶಂಭು ಗುಡುಗಿದ. "ನಾ ನಿಮಗ ಕಬ್ಬಿಣ ಮಾಡಿಸಿಕೊಟ್ಟದ್ದು ಇದಕ್ಕೇನು?"

ಸುದ್ದಿ ಕೇಳಿ ರಘುಪತಿ ರಾಯರು ಮೇಲಿನಿಂದ ಇಳಿದು ಬಂದರು. ದಯಾನಂದನ ಹರಿದ ಪ್ಯಾಂಟು, ಗುಂಡಿಯಿಲ್ಲದ ಅಂಗಿ, ಕೈಯಲ್ಲಿದ್ದ ಸೀರೆ ನೋಡಿ ಕಣ್ಣು ಮುಚ್ಚಿಕೊಂಡರು. "ಸಂಘದ ಚರಿತ್ರೆಯನ್ನೇ ನಿನ್ನ ಕೈಗೆ ಕೊಟ್ಟೆ ದಯಾನಂದ. ನೀನು ಇಂಥವ ಅಂತ ಗೊತ್ತಿರಲಿಲ್ಲ."

"ರಾಯರೇ, ಇದು ನನ್ನ ಮನೆ! ಇವರು ಇಲ್ಲಿಗೆ ಬಂದದ್ದು ಹೇಗೆ ಅಂತ ಯಾರೂ ಕೇಳೂದಿಲ್ವಾ?"

"ರಮಿತಾ ಹೇಳಿದ್ದು" ಎಂದರು ವಾರಿಜಕ್ಕ, ಎದೆ ಸೆಟೆಸಿ. "ಖಾಲಿ ಕೋಣೆಗೆ ಏಸಿ ಹಾಳಾಗಿ ಹೋಗ್ತದೆ ಅಕ್ಕ, ಮಧ್ಯಾಹ್ನ ಹೋಗಿ ಮಲಗಿ, ಇವರಿಗೆ ಮಾತ್ರ ಹೇಳ್ಬೇಡಿ ಅಂತ. ಮತ್ತೆ ನಿಮ್ಮ ಮಿಷನ್ನು ನಾವು ಮುಟ್ಟಿದ್ರೆ ಕೇಳಿ. ಅದು ತಾನೇ ಮಲಗ್ತದೆ, ನಾವೂ ಮಲಗ್ತೇವೆ."

ಫೋನಿನಲ್ಲಿ ವಿಷಯ ತಿಳಿದ ರಮಿತಾ ಶಾಲೆಯಿಂದಲೇ ತೀರ್ಪು ಕೊಟ್ಟಳು. "ನನಗೂ ಹೇಳದೆ ಅಡಗಿ ಕೂತದ್ದು ಅಂದ್ರೆ, ನನ್ನ ಮೇಲೂ ಶಕ್ ಮಾಡಿದಿರಲ್ಲ? ಎಲ್ಲರ ಎದುರು ಮಾಫಿ ಕೇಳಿ. ಸೀರೆ ಮಡಿಚಿ ಇಡಿ." ದಯಾನಂದ ಮಾಫಿ ಕೇಳಿದ. ಇಡೀ ಬೇಸಗೆ ಮಧ್ಯಾಹ್ನ ಹೆಂಗಸರ ನಿದ್ದೆಗೆ ತನ್ನಿಂದ ಯಾವ ತೊಂದರೆಯೂ ಬಾರದೆಂದು ರಾಯರ ಎದುರು ಕೈಮುಗಿದು ಮಾತು ಕೊಟ್ಟ. ಶಂಭು ಕೊರಳಪಟ್ಟಿ ಬಿಟ್ಟ. "ಭಾನುವಾರ ಫಿಲ್ಮ್ ಸರಿಯಾಗಿ ಬಂದರೆ ಇದನ್ನೆಲ್ಲ ಮರೆಯೋಣ" ಎಂದು ರಾಯರು ಮೆಟ್ಟಿಲು ಹತ್ತಿದರು.

ಸಂಜೆ ದಯಾನಂದ ಸರ್ವರಿನ ಮುಂದೆ ಕುಕ್ಕರಗಾಲಿನಲ್ಲಿ ಕೂತ. ಯಾರೂ ಮುಟ್ಟಿಲ್ಲವೆಂದ ಮೇಲೆ ಅಪ್ಪಣೆ ಒಳಗಿನಿಂದಲೇ ಬಂದಿರಬೇಕು. ಒಂದೊಂದೇ ಕಡತ ತೆರೆಯುತ್ತ ಹೋದ. ದಿನನಿತ್ಯದ ಕೆಲಸಗಳ ಪಟ್ಟಿಯ ತಳದಲ್ಲಿ ಒಂದೇ ಒಂದು ಸಾಲು ಸಿಕ್ಕಿತು: ಏಪ್ರಿಲ್ ಮತ್ತು ಮೇ, ಒಂದೂಕಾಲಕ್ಕೆ ನಿಲ್ಲು, ಮೂರಕ್ಕೆ ಏಳು.

ದಯಾನಂದನ ಕಿವಿ ಬಿಸಿಯಾಯಿತು. ಹಿಂದಿನ ಬೇಸಗೆಯಲ್ಲಿ ಅವರ ಗಲ್ಲಿಗೆ ದಿನಾ ಒಂದೂವರೆಯಿಂದ ಲೋಡ್ ಶೆಡ್ಡಿಂಗ್ ಇತ್ತು. ಕರೆಂಟು ಹೋಗುವ ಮೊದಲೇ ಸರ್ವರು ಸುಖವಾಗಿ ಮಲಗಲೆಂದು ಆ ಸಾಲನ್ನು ಬರೆದವನು ಅವನೇ. ಲೋಡ್ ಶೆಡ್ಡಿಂಗ್ ಹೋಯಿತು, ಸಾಲು ಉಳಿಯಿತು, ಬರೆದವನು ಮರೆತ. ಅವನು ಬಾಗಿಲ ಕಡೆ ಒಮ್ಮೆ ನೋಡಿ, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಆ ಸಾಲನ್ನು ಅಳಿಸಿದ. ಈ ಸಂಗತಿ ತನ್ನ ಚಿತೆಯ ಜೊತೆಗೇ ಸುಡಲಿ ಎಂದುಕೊಂಡ. ಇವತ್ತೊಂದು ರಾತ್ರಿ ಓಡಿಸಲಾ ಎಂದು ರಮಿತಾಳನ್ನು ಕೇಳಲು ಬಾಯಿ ತೆರೆದ. ಅವಳು ಮದುವೆ ಸೀರೆಯ ಬೆವರಿನ ಕಲೆ ನೋಡುತ್ತಿದ್ದುದರಿಂದ ಬಾಯಿ ಮುಚ್ಚಿದ.

ಶನಿವಾರ ಬೆಳಿಗ್ಗೆ ಎಂಟಕ್ಕೆ ಕೆಲಸ ಚಾಲೂ ಮಾಡಿ ಕಚೇರಿಗೆ ಹೋದ. ಸಂಜೆ ಆರಕ್ಕೆ ಫಿಲ್ಮ್ ಸಿದ್ಧವಾಗಬೇಕು. ಒಂದೂಕಾಲಾಯಿತು, ದೀಪ ಹಸಿರಾಗಿಯೇ ಇತ್ತು. ಆ ವಾರದಲ್ಲಿ ಮೊದಲ ಸಲ ದಯಾನಂದನಿಗೆ ಡಬ್ಬಿಯ ಊಟ ರುಚಿಸಿತು.

ಒಂದೂವರೆಗೆ ಫೋನು ಬಂತು. ವಾರಿಜಕ್ಕ.

"ದಯಾನಂದ, ಇದೆಂತ ನಿಮ್ಮ ಮಿಷನ್ನು ಇವತ್ತು ಬಾಯಿ ಮುಚ್ಚೂದೇ ಇಲ್ಲ? ಹತ್ತಿದ ಜೋಂಪೂ ಹಾರಿ ಹೋಯ್ತು ನಮಗೆ. ಹಿಡೀರಿ, ವೇದಾವತಮ್ಮ ಮಾತಾಡ್ತಾರೆ."

"ನಿನ್ನೆ ಮಾತು ಕೊಟ್ಟು ಇವತ್ತು ಹಗೆ ತೀರಿಸಿಕೊಳ್ಳುವುದಾ?" ಎಂದಿತು ವೇದಾವತಮ್ಮನ ಗಂಟಲು. "ನಾಲ್ಕು ದಿನ ನಮ್ಮ ಹೊತ್ತಿಗೆ ಸರಿಯಾಗಿ ಅದೂ ಮಲಗುತ್ತಿತ್ತು, ಎಷ್ಟು ಮರ್ಯಾದೆಯ ಮಿಷನ್! ಈಗ ನೀವು ಏನೋ ಮಾಡಿಟ್ಟಿದ್ದೀರಿ."

"ಅಮ್ಮ, ನಾಲ್ಕೂವರೆ ಗಂಟೆ ಮಾತ್ರ. ಈಗ ನಿಲ್ಲಿಸಿದ್ರೆ ನಾಳೆಯ..."

"ಶಂಭುವನ್ನು ಕರೆಯಲಾ?"

ದಯಾನಂದ ಫೋನನ್ನು ಭುಜಕ್ಕೆ ಒತ್ತಿಕೊಂಡು, ಎರಡೂ ಕೈಯಿಂದ, ನಿನ್ನೆ ಅಳಿಸಿದ ಸಾಲನ್ನು ಅಕ್ಷರ ತಪ್ಪದೆ ಮತ್ತೆ ಬರೆದ. ಇವತ್ತಿನ ಮಟ್ಟಿಗೆ ನಿಲ್ಲುವ ಅಪ್ಪಣೆಯನ್ನೂ ಕೊಟ್ಟ. ಹಸಿರು ದೀಪ ಕೆಂಪಾಯಿತು. ಆ ಕಡೆ ಪದ್ಮಾವತಿಯ ಗೊರಕೆ ಏಳುವುದು ಸ್ಪಷ್ಟವಾಗಿ ಕೇಳಿಸಿತು.

"ಹ್ಞಾ, ಮಲಗಿತು" ಎಂದರು ವೇದಾವತಮ್ಮ, ಆಕಳಿಸುತ್ತ. "ಮತ್ತೆ ಆರು ಗಂಟೆಗೆ ಮನೆಯಲ್ಲಿರಿ. ನಾಳೆ ತೋರಿಸುವ ಮೊದಲು ಫಿಲ್ಮನ್ನು ಒಮ್ಮೆ ಪೂರ್ತಿ ನೋಡಬೇಕಂತೆ, ನಮ್ಮವರು ಬರುತ್ತಾರೆ."