ಚೀಸಿಲ್ಲದ ಚೀಸಿಗೆ ಹತ್ತಕ್ಕೆ ಹತ್ತು

"ಪ್ರಾಣ ಬೇಕಾದ್ರೆ ಬಿಡ್ತೀನಿ, ಚೀಸ್ ಬಿಡಲ್ಲ!"

ಹೀಗೆಂದು ಡಾಕ್ಟರ ಮೇಜು ಗುದ್ದಿ ಘೋಷಿಸಿದವರು ನಾಲಿಗೆ ಸಾಹೇಬರು. ಚೀಸ್ ಕಾರ್ಖಾನೆಯಲ್ಲಿ ಇಪ್ಪತ್ತಾರು ವರ್ಷದಿಂದ ರುಚಿ ಪರೀಕ್ಷಕರಾಗಿದ್ದ ಅವರಿಗೆ ಜೊತೆಯವರು ಇಟ್ಟ ಹೆಸರದು. ದಿನಕ್ಕೆ ನಲವತ್ತು ತುಣುಕು ಬಾಯಿಗೆ ಹಾಕಿಕೊಂಡು, ಜಗಿದು, ಅಂಕ ಕೊಟ್ಟು, ಬಕೆಟ್ಟಿಗೆ ಉಗುಳುವುದು ಅವರ ಉದ್ಯೋಗ. ನುಂಗುವ ಭಾಗ್ಯವೇನಿದ್ದರೂ ಮನೆಯಲ್ಲಿ. ಆ ಭಾಗ್ಯ ಅತಿಯಾಗಿ ಈಗ ಕೊಲೆಸ್ಟರಾಲ್ ಏರಿ ಕೂತಿತ್ತು.

"ಮೂರು ತಿಂಗಳು ಬಿಟ್ಟು ನೋಡಿ. ಆಮೇಲೆ ರಕ್ತ ಪರೀಕ್ಷೆ ಮಾಡೋಣ" ಎಂದರು ಡಾಕ್ಟರು.

"ಮೂರು ತಿಂಗಳು ದಿನಾ ತಿಂದೇ ಇಳಿಸಿ ತೋರಿಸ್ತೀನಿ!"

ಪಕ್ಕದಲ್ಲಿದ್ದ ಹೆಂಡತಿ ತುಟಿಪಿಟಕ್ಕೆನ್ನಲಿಲ್ಲ. ಆಕೆ ಸುಮ್ಮನಿದ್ದರೆಂದರೆ ತಲೆಯೊಳಗೆ ಏನೋ ನಡೆದಿದೆ ಎಂದೇ ಅರ್ಥ. ಇಷ್ಟು ವರ್ಷ ಸಂಸಾರ ಮಾಡಿದರೂ ಸಾಹೇಬರಿಗೆ ಇದೊಂದು ಮಾತ್ರ ತಿಳಿದಿರಲಿಲ್ಲ.

ಮರುದಿನದಿಂದ ಮನೆಯಲ್ಲಿ ಚೀಸೋ ಚೀಸು! ಬ್ರೆಡ್ಡಿನ ಮೇಲೆ ಹಳದಿ ಸಾಸು, ಪಾಸ್ತಾದ ಮೇಲೆ ಹಳದಿ ಪುಡಿ. ಸಾಹೇಬರು ಕಣ್ಣು ಮುಚ್ಚಿ ಚಪ್ಪರಿಸಿದರು. "ಆಹಾ! ನಿದ್ದೆಯಲ್ಲಿ ಬಾಯಿಗಿಟ್ಟರೂ ನಮ್ಮ ಕಾರ್ಖಾನೆ ಮಾಲು ಅಂತ ಹೇಳ್ತೀನಿ ಕಣೇ. ಹತ್ತಕ್ಕೆ ಹತ್ತು!"

ಮೂರು ತಿಂಗಳು ಕಳೆಯಿತು. ಕೊಲೆಸ್ಟರಾಲ್ ನಿಜಕ್ಕೂ ಇಳಿದಿತ್ತು! ಡಾಕ್ಟರು ರಿಪೋರ್ಟನ್ನು ತಿರುಗಿಸಿ ಮುರುಗಿಸಿ ನೋಡುತ್ತಿರುವಾಗಲೇ ಸಾಹೇಬರು ಅದನ್ನು ಕಸಿದುಕೊಂಡು ಕಾರ್ಖಾನೆಗೆ ಓಡಿದರು. ಗೇಟಿನ ಕಾವಲುಗಾರನಿಂದ ಹಿಡಿದು ಪ್ಯಾಕಿಂಗಿನವರ ತನಕ ಎಲ್ಲರ ಮೂಗಿಗೂ ಹಿಡಿದರು. ಸುದ್ದಿ ಕೇಳಿ ಮ್ಯಾನೇಜರು ಹಿಗ್ಗಿ ಹೀರೇಕಾಯಿಯಾದರು.

"ಇನ್ಮೇಲೆ ಪ್ರತಿ ಡಬ್ಬದ ಮೇಲೂ ನಿಮ್ಮ ಫೋಟೊ ಕಣ್ರೀ! 'ದಿನಾ ತಿಂದೆ, ಹೃದಯ ಗೆದ್ದೆ!' ನಾಳೆ ಬೆಳಿಗ್ಗೆಯೇ ಅಚ್ಚಿಗೆ. ಇವತ್ತು ಸಂಜೆ ನಿಮ್ಮನೇಲೇ ನನ್ನ ಊಟ!"

ಸಂಜೆ ಮ್ಯಾನೇಜರು ಪಾಸ್ತಾದ ತಟ್ಟೆಗೆ ಕೈಹಾಕುವಷ್ಟರಲ್ಲಿ ಹೆಂಡತಿ ಸಾಹೇಬರನ್ನು ಅಡುಗೆಮನೆಗೆ ಕರೆದರು.

"ರೀ, ಆ ಫೋಟೊ ಬೇಡ ಅಂದ್ಬಿಡಿ."

"ಯಾಕೆ, ಹೊಟ್ಟೆಕಿಚ್ಚಾ?"

"ಮೂರು ತಿಂಗಳಿಂದ ನೀವು ತಿಂತಿರೋದು ಚೀಸೇ ಅಲ್ಲ. ನ್ಯೂಟ್ರಿಷನಲ್ ಯೀಸ್ಟ್, ಚೀಸಿನ ರುಚಿ ಕೊಡೋ ಒಣಗಿಸಿದ ಹುದುಗು! ಆಲೂಗಡ್ಡೆ, ಕ್ಯಾರೆಟ್ ಬೇಯಿಸಿ ಅರೆದು ಇದನ್ನ ಕಲಸ್ತೀನಿ. ಪ್ರೋಟೀನು ಬೇಕಾದಷ್ಟಿದೆ, ಕೊಬ್ಬು ಇಲ್ಲವೇ ಇಲ್ಲ ಅನ್ನಬಹುದು."

ಆಕೆ ತೆರೆದ ಡಬ್ಬಿಯಲ್ಲಿ ಮೀನಿಗೆ ಹಾಕುವ ಆಹಾರದಂಥ ಹಳದಿ ಚೂರುಗಳಿದ್ದವು. ಸಾಹೇಬರು ಒಂದು ಚಿಟಿಕೆ ನಾಲಿಗೆಗಿಟ್ಟರು. ಅದೇ ರುಚಿ! ಫೋಟೊ ಅಚ್ಚಾಗಿ ಮನೆಮನೆಗೆ ಹೋದ ಮೇಲೆ ನಿಜ ಹೊರಬಿದ್ದರೆ? ಆಲೂಗಡ್ಡೆಗೂ ಚೀಸಿಗೂ ವ್ಯತ್ಯಾಸ ತಿಳಿಯದ ನಾಲಿಗೆಯನ್ನು ಯಾವ ಕಾರ್ಖಾನೆ ಇಟ್ಟುಕೊಳ್ಳುತ್ತದೆ?

"ಮೊದಲೇ ಹೇಳೋಕೆ ಏನಾಗಿತ್ತೇ ನಿಂಗೆ?"

"ಹೇಳಿದ್ರೆ ತಿಂತಿದ್ರಾ? ನಿಮ್ಮ ನಾಲಿಗೆ ಕಾರ್ಖಾನೆಗೆ ಬೇಕು. ನನಗೆ ನೀವು ಬೇಕು."

ಸಾಹೇಬರು ಹೊರಗೆ ಬಂದು, ಮ್ಯಾನೇಜರ ಎದುರು ಕೈಕಟ್ಟಿ ನಿಂತು, ಇದ್ದದ್ದನ್ನು ಇದ್ದ ಹಾಗೆ ಒಪ್ಪಿಸಿಬಿಟ್ಟರು.

ಮ್ಯಾನೇಜರ ಚಮಚ ಅರ್ಧದಲ್ಲೇ ನಿಂತಿತು. ಅವರು ತಟ್ಟೆ ನೋಡಿದರು, ಸಾಹೇಬರನ್ನು ನೋಡಿದರು, ಬಾಗಿಲು ಹಾಕಿದೆಯೇ ಎಂದು ನೋಡಿದರು.

"ನನಗೂ ಗೊತ್ತಾಗಲಿಲ್ವಲ್ರೀ! ಇದು ಈ ಮನೆ ಗೋಡೆ ದಾಟಿ ಹೋಗಬಾರದು. ಫೋಟೊ ಕ್ಯಾನ್ಸಲ್. ನಾಳೆ ಎಂದಿನಂತೆ ಕೆಲಸಕ್ಕೆ ಬನ್ನಿ." ಆಮೇಲೆ ದನಿ ತಗ್ಗಿಸಿ ಅಡುಗೆಮನೆಯತ್ತ ತಟ್ಟೆ ಚಾಚಿದರು. "ಅಮ್ಮಾ, ನನಗೂ ಡಾಕ್ಟರು ಚೀಸ್ ಬಿಡಿ ಅಂದಿದ್ದಾರೆ. ಇನ್ನೊಂದು ಸೌಟು ಹಾಕಿ!"

ಮ್ಯಾನೇಜರು ಹೊರಟುಹೋದರು. ಕೆಲಸ ಉಳಿಯಿತು. ಸಾಹೇಬರಿಗೆ ಹೋದ ಉಸಿರು ಬಂತು, ಉಸಿರಿನ ಹಿಂದೆಯೇ ಜಂಬವೂ ಬಂತು.

"ಹಾಗಂತ ನನ್ನ ನಾಲಿಗೆ ಪೂರ್ತಿ ಮೋಸ ಹೋಗಿಲ್ಲ, ತಿಳ್ಕೋ! ಹೋದ ತಿಂಗಳು ಒಂದಿನ ತಟ್ಟೆ ತಳ್ಳಿ, 'ಇದು ಚೀಸೇ ಅಲ್ಲ, ಬರೀ ಕಲಬೆರಕೆ' ಅಂತ ನಾನು ಹೇಳಿರಲಿಲ್ವಾ?"

"ಹೇಳಿದ್ರಿ" ಎಂದರು ಹೆಂಡತಿ, ಮೇಜು ಒರೆಸುತ್ತ. "ಆವತ್ತು ಯೀಸ್ಟ್ ಮುಗಿದುಹೋಗಿತ್ತು. ನಿಮ್ಮ ಕಾರ್ಖಾನೆ ಚೀಸನ್ನೇ ಹಾಕಿದ್ದೆ."